ಬಿಳಿ ಗೆರೆಯ ಮೇಲೊಂದು ಹಂಪು

ಮೊದಲೇ ಹೇಳಿಬಿಡುತ್ತೇನೆ, ಅದು ಡ್ರೋನ್ ಅಲ್ಲ. ಮದುವೆ ಮನೆಯಲ್ಲಿ ಗಂಡುಹೆಣ್ಣಿನ ತಲೆಯ ಮೇಲೆ ಗುಂಯ್ ಎನ್ನುತ್ತ ನಿಂತು ಫೋಟೊ ತೆಗೆಯುವ ಡಬ್ಬಿಗೂ ನಾನು ಕಟ್ಟಿದ್ದಕ್ಕೂ ಯಾವ ಸಂಬಂಧವೂ ಇಲ್ಲ. ನಾನು ಕಟ್ಟಿದ್ದು ಜೆಟ್ ವಿಮಾನದ ಮಾದರಿ. ಒಳಗೆ ಮನುಷ್ಯ ಕೂರುವುದಿಲ್ಲ, ನೆಲದ ಮೇಲೆ ನಿಂತು ರೇಡಿಯೊ ಮೂಲಕ ಹಾರಿಸಬೇಕು. ಆದರೆ ಅದರ ಹೊಟ್ಟೆಯಲ್ಲಿರುವುದು ನಿಜವಾದ ಜೆಟ್ ಇಂಜಿನ್. ಚೊಂಬಿನಷ್ಟು ಗಾತ್ರ, ಕುಡಿಯುವುದು ಸೀಮೆಎಣ್ಣೆ. ಈ ಮಾತನ್ನು ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ತಾಲ್ಲೂಕಿನಲ್ಲಿ ಎಷ್ಟು ಜನಕ್ಕೆ ಹೇಳಿದ್ದೇನೋ ನನಗೇ ನೆನಪಿಲ್ಲ. ಎಲ್ಲರೂ ಗಮನವಿಟ್ಟು ಕೇಳುತ್ತಿದ್ದರು, ತಲೆಯಾಡಿಸುತ್ತಿದ್ದರು, ಕೊನೆಗೆ ಕೇಳುತ್ತಿದ್ದದ್ದು ಒಂದೇ. "ಅಂಗಾದ್ರೆ ಈ ಡ್ರೋನು ಎಷ್ಟ್ ದೂರ ಓಯ್ತದೆ ಸಾ?"

ಬರಬರುತ್ತ ನಾನು ವಿವರಿಸುವುದನ್ನೇ ಬಿಟ್ಟೆ. ಯಾರಾದರೂ ಕೇಳಿದರೆ 'ಏನೋ ಒಂದು' ಎಂದು ಹೇಳಿ ಮುಂದಕ್ಕೆ ಹೋಗುತ್ತಿದ್ದೆ. ಆ ಅಭ್ಯಾಸ ನನಗೆ ಎಷ್ಟು ದುಬಾರಿಯಾಯಿತು ಎಂಬುದು ಮುಂದೆ ಬರುತ್ತದೆ.

ವಿಮಾನವನ್ನು ಮಂಡ್ಯದ ನನ್ನ ಮನೆಯ ಮಹಡಿ ಕೋಣೆಯಲ್ಲಿ ಕಟ್ಟಿದೆ. ರೆಡಿಮೇಡ್ ಪೆಟ್ಟಿಗೆ ತರಿಸಿ, ನಾಲ್ಕು ಸ್ಕ್ರೂ ಬಿಗಿದು, ತಾನೇ ಕಟ್ಟಿದೆ ಎಂದು ಮೀಸೆ ತಿರುವುವವರು ದೊಡ್ಡ ಊರುಗಳಲ್ಲಿ ಬೇಕಾದಷ್ಟಿದ್ದಾರೆ. ನಾನು ನಕ್ಷೆಯಿಂದ ಶುರುಮಾಡಿದವನು. ಪ್ಲೈವುಡ್ಡಿನ ಪಕ್ಕೆಗಳನ್ನು ಒಂದೊಂದಾಗಿ ಕೊಯ್ದು, ಹಗುರ ಮರದ ಹಾಳೆ ಹೊದಿಸಿ, ಮೇಲೆ ಫೈಬರ್ ಬಟ್ಟೆ ಹಾಸಿ, ರೆಸಿನ್ ಅಂಟು ಬಳಿದು, ಉಜ್ಜಿ, ಮತ್ತೆ ಬಳಿದು, ಮತ್ತೆ ಉಜ್ಜಿದೆ. ಈ ಕೆಲಸ ಹಿಡಿದಾಗ ಕನ್ನಡಕವಿಲ್ಲದೆ ಗೆರೆ ಹಾಕುತ್ತಿದ್ದೆ. ಮುಗಿಸುವ ಹೊತ್ತಿಗೆ ಕನ್ನಡಕದ ಮೇಲೆ ಭೂತಗನ್ನಡಿ ಹಿಡಿಯಬೇಕಾಗಿತ್ತು. ಇಂಥ ಇನ್ನೊಂದನ್ನು ಕಟ್ಟುವ ಕಣ್ಣು ನನಗೆ ಉಳಿದಿಲ್ಲ. ಮೊದಲ ಹಾರಾಟದಲ್ಲಿ ಅದು ನೆಲಕ್ಕೆ ಬಿದ್ದರೆ ನನ್ನ ಪಾಲಿಗೆ ಅಲ್ಲಿಗೆ ಎಲ್ಲ ಮುಗಿಯಿತು.

ಹಾರಿಸಬೇಕೆಂದರೆ ನೇರವಾದ, ನುಣುಪಾದ, ಉದ್ದನೆಯ ಟಾರು ರಸ್ತೆ ಬೇಕು. ನಮ್ಮ ಜಿಲ್ಲೆಯಲ್ಲಿ ಅಂಥದ್ದನ್ನು ಹುಡುಕಿ ನೋಡಿ, ಗೊತ್ತಾಗುತ್ತದೆ. ಹೊಳಲು ಕಡೆ ಒಂದು ಒಳ್ಳೆಯ ರಸ್ತೆ ಸಿಕ್ಕಿತು. ಉದ್ದಕ್ಕೂ ಹುರುಳಿ ಹರಡಿಕೊಂಡು ಕೂತಿದ್ದರು, ಬಸ್ಸು ಲಾರಿ ಅದರ ಮೇಲೆ ಹೋಗಿ ಒಕ್ಕಣೆ ಮಾಡಿಕೊಡಲಿ ಎಂದು. ಶಿವಪುರದ ಆಚೆ ಇನ್ನೊಂದು ನೋಡಿದೆ, ಅಲ್ಲಿ ರಸ್ತೆಗಿಂತ ಗುಂಡಿಯೇ ಹೆಚ್ಚು. ಕೊನೆಗೆ ಸಿಕ್ಕಿದ್ದು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯ ಪಕ್ಕದಲ್ಲಿ ಗದ್ದೆ ಬಯಲು ಮಟ್ಟಮಾಡಿ ಮಾಡಿದ ಒಂದು ಲೇಔಟು. ಮುಂದುಗಡೆ ಸಿಮೆಂಟಿನ ಕುದುರೆಗಳನ್ನು ಹೊತ್ತ ದೊಡ್ಡ ಕಮಾನು. ಒಳಗೆ ಬಲ್ಬಿಲ್ಲದ ದೀಪದ ಕಂಬಗಳು, ಮಗುವಿಲ್ಲದ ಪಾರ್ಕು, ಪಾರ್ಕಿನಲ್ಲಿ ಕತ್ತು ಮುರಿದ ಸಿಮೆಂಟು ಜಿಂಕೆ. ಮನೆ ಮಾತ್ರ ಒಂದೂ ಇಲ್ಲ. ಆದರೆ ಕಮಾನಿನಿಂದ ಹಿಂದಿನ ನಾಲೆಯವರೆಗೆ ದಾರ ಹಿಡಿದಂತೆ ನೇರ ರಸ್ತೆ. ನೋಡಿದ ಕೂಡಲೇ ಆಸೆ ಹುಟ್ಟಿತು.

ಲೇಔಟಿನ ಯಜಮಾನರು ಬಿಳಿ ಅಂಗಿ, ಎರಡು ಫೋನಿನ ಮನುಷ್ಯ. ಒಂದು ಫೋನಿನಲ್ಲಿ ಮಾತಾಡುವಾಗ ಇನ್ನೊಂದನ್ನು ನೋಡುತ್ತಿರುತ್ತಾರೆ. ನನ್ನ ಅರ್ಜಿಯನ್ನು ಅರ್ಧಕ್ಕೇ ತಡೆದು ಹೇಳಿದರು, "ಡ್ರೋನು ತಾನೆ? ಆರಿಸ್ಕಳಿ ಸಾ, ಅದ್ಕೇನಂತೆ. ತಿಂಗ್ಳ ಕೊನೆ ಬಾನ್ವಾರ ಸೈಟು ನೋಡಕ್ಕೆ ಜನ ಬತ್ತರೆ, ಬಾಡೂಟ ಮಡಗಿವ್ನಿ. ಅವತ್ತು ಒಂದ್ ರೌಂಡು ಆರಿಸಿ ತೋರಿಸ್ಬುಡಿ ಸಾಕು. ಅಲ್ಲೀಗಂಟ ರೋಡು ನಿಮ್ದೇಯಾ."

ಡ್ರೋನ್ ಅಲ್ಲ ಎಂದು ಹೇಳಲು ಬಾಯಿ ತೆರೆದವನು ಮುಚ್ಚಿಕೊಂಡೆ. ರಸ್ತೆ ಸಿಕ್ಕಿತಲ್ಲ, ಅವರು ಅದನ್ನು ಎತ್ತಿನ ಗಾಡಿ ಎಂದರೂ ನನಗೇನು?

ನನ್ನ ಜೊತೆ ಈ ಕೆಲಸದಲ್ಲಿ ಕೊನೆಯವರೆಗೂ ಇದ್ದವನು ಒಬ್ಬನೇ, ಮದ್ದೂರಿನಲ್ಲಿ ರೇಡಿಯೇಟರ್ ರಿಪೇರಿ ಅಂಗಡಿ ಇಟ್ಟಿರುವ ಗೆಳೆಯ. ಅವನನ್ನು ನಾನು ಭಾಯ್ ಎನ್ನುತ್ತೇನೆ, ಅವನು ನನ್ನನ್ನು ಅಣ್ಣ ಎನ್ನುತ್ತಾನೆ. ತೆಳು ಹಿತ್ತಾಳೆ ಕೊಳವೆಗೆ ಬೆಸುಗೆ ಹಾಕಿಸಲು ಅವನ ಅಂಗಡಿಗೆ ಹೋಗಿದ್ದೆ. ಯಾಕೆ ಏನು ಎಂದು ಒಂದು ಮಾತೂ ಕೇಳದೆ ಹಾಕಿಕೊಟ್ಟ. ನಾನು ಈ ಜಿಲ್ಲೆಯಲ್ಲಿ ಕಂಡ ಅಪರೂಪದ ಗುಣ ಅದು. ಅಂದಿನಿಂದ ಅವನು ನನ್ನವನಾದ.

ಮೊದಲ ಭಾನುವಾರ ಇಂಜಿನ್ ಹತ್ತಿಸಿ ನೋಡುವ ಕೆಲಸ. ಭಾಯ್ ಬೆಸೆದುಕೊಟ್ಟಿದ್ದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ವಿಮಾನದ ಒಡಲನ್ನು ಕೂರಿಸಿ, ಹಿಂದಿನಿಂದ ದೀಪದ ಕಂಬಕ್ಕೆ ಹಗ್ಗ ಕಟ್ಟಿದೆವು. ಹತ್ತಿಸುವ ಕ್ರಮ ಹೀಗೆ. ಮೊದಲು ಒಂದು ಪುಟ್ಟ ಮೋಟಾರು ಇಂಜಿನ್ನಿನ ಒಳಗಿನ ಚಕ್ರವನ್ನು ತಿರುಗಿಸುತ್ತದೆ. ಕೆಂಪಗೆ ಕಾದ ತಂತಿಯ ಮೇಲೆ ಸೀಮೆಎಣ್ಣೆ ತೊಟ್ಟಿಕ್ಕಿ ಉರಿ ಹತ್ತುತ್ತದೆ. ಆಮೇಲೆ ಚಕ್ರ ಉರಿಯ ಬಲದಿಂದಲೇ ತಿರುಗುತ್ತ ನಿಮಿಷಕ್ಕೆ ಲಕ್ಷ ಸುತ್ತು ದಾಟುತ್ತದೆ. ಸೀಮೆಎಣ್ಣೆ ಹೋಗುವ ದಾರಿಯಲ್ಲಿ ಒಂದು ಗುಳ್ಳೆ ಗಾಳಿ ಸಿಕ್ಕಿದರೂ ಉರಿ ಆರುತ್ತದೆ. ಹಾರುವಾಗ ಆರಿದರೆ ವಿಮಾನ ಕಲ್ಲಾಗುತ್ತದೆ.

ಅವತ್ತು ಉರಿ ಹತ್ತಲಿಲ್ಲ. ಹತ್ತದೆ ಉಳಿದ ಸೀಮೆಎಣ್ಣೆ ಇಂಜಿನ್ನಿನ ಹೊಟ್ಟೆಯಲ್ಲಿ ನಿಂತಿತು. ಮೂಗು ಮೇಲೆತ್ತಿ ಬಸಿದೆವು. ಪೂರ್ತಿ ಬಸಿದಿರಲಿಲ್ಲ ಎಂದು ಗೊತ್ತಾದದ್ದು ಎರಡನೆಯ ಸಲ ಹತ್ತಿಸಿದಾಗ, ಬಾಲದಿಂದ ಆಳುದ್ದ ಬೆಂಕಿ ಚಾಚಿತು. ಇಂಥ ಹೊತ್ತಿನಲ್ಲಿ ಮಾಡಬೇಕಾದದ್ದು ಏನೂ ಇಲ್ಲ. ಸೀಮೆಎಣ್ಣೆ ನಿಲ್ಲಿಸಿ, ಮೋಟಾರು ತಿರುಗುತ್ತಲೇ ಇರಲು ಬಿಟ್ಟರೆ ಗಾಳಿಯೇ ಬೆಂಕಿಯನ್ನು ಊದಿ ಆರಿಸುತ್ತದೆ. ಆದರೆ ಲೇಔಟಿನ ಕಾವಲುಗಾರ ಮರಳಿನ ಬಕೆಟ್ಟು ಹಿಡಿದು ಓಡಿಬಂದ. ಒಂದು ಹಿಡಿ ಮರಳು ಒಳಗೆ ಹೋಗಿದ್ದರೂ ಇಂಜಿನ್ ಸತ್ತೇ ಹೋಗುತ್ತಿತ್ತು. ಭಾಯ್ ಅವನನ್ನು ಬಕೆಟ್ಟಿನ ಸಮೇತ ತಬ್ಬಿಕೊಂಡು ನಿಂತ. ಬೆಂಕಿ ಆರಿತು.

"ಸುಟ್ಟೋಯ್ತಿತ್ತಲ್ಲ ಸಾ! ಆರಿಸಕ್ ಬಂದ್ರೆ ಇಡ್ಕತರಲ್ಲ!" ಎಂದು ಕಾವಲುಗಾರ ಕೂಗಾಡಿದ.

"ನಿನ್ನ ಕೆಲಸ ಗೇಟು ಕಾಯೋದು. ಹೋಗು" ಎಂದೆ. ಅವನ ಮುಖ ಸಣ್ಣಗಾಯಿತು. ನನಗೆ ಆಗ ಅಯ್ಯೋ ಅನ್ನಿಸಲಿಲ್ಲ.

ಟ್ಯಾಂಕಿನ ಒಳಗಿನ ಹಿತ್ತಾಳೆ ಕೊಳವೆಯ ಬೆಸುಗೆಯಲ್ಲಿ ಸೂಜಿಮೊನೆಯಷ್ಟು ತೂತಿತ್ತು. ಗಾಳಿ ಅಲ್ಲಿಂದ ಸೇರುತ್ತಿತ್ತು. ಭಾಯ್ ಅದನ್ನು ತನ್ನ ಅಂಗಡಿಗೆ ಒಯ್ದು, ನೀರಲ್ಲಿ ಮುಳುಗಿಸಿ, ಬಾಯಿಂದ ಊದಿ, ಗುಳ್ಳೆ ನೋಡಿ, ಹಳೆ ಬೆಸುಗೆ ಕಿತ್ತು ಹೊಸದು ಹಾಕಿದ. ತನ್ನ ಬೆಸುಗೆಯೇ ಕೈಕೊಟ್ಟಿದ್ದಕ್ಕೆ ಅವನು ಎರಡು ದಿನ ನನ್ನ ಮುಖ ನೋಡಿ ಮಾತಾಡಲಿಲ್ಲ.

ಮುಂದಿನ ಭಾನುವಾರ ಇಂಜಿನ್ ಮೊದಲ ಸಲಕ್ಕೇ ಹತ್ತಿತು. ಆ ಶಿಳ್ಳೆಯಂಥ ದನಿ ಏರುತ್ತ ಏರುತ್ತ ಎದೆಗೂಡಿಗೆ ತಾಗಿದಾಗ ಆದ ಸಂತೋಷವನ್ನು ಬಚ್ಚಿಡುವುದಿಲ್ಲ. ರೆಕ್ಕೆ ಜೋಡಿಸಿ, ರಸ್ತೆಯ ಮೇಲೆ ಮೆಲ್ಲಗೆ ಓಡಿಸಿ ನೋಡತೊಡಗಿದೆವು. ಬ್ರೇಕು ಎರಡೂ ಗಾಲಿಗೆ ಸಮನಾಗಿ ಹಿಡಿಯುತ್ತದೆಯೆ, ಮೂಗಿನ ಗಾಲಿ ಆಚೀಚೆ ಎಳೆಯುತ್ತದೆಯೆ ಎಂದು ನೋಡುವ ಪರೀಕ್ಷೆ. ಎರಡನೇ ಓಟದಲ್ಲಿದ್ದಾಗ ಕಬ್ಬು ತುಂಬಿದ ಟ್ರ್ಯಾಕ್ಟರೊಂದು ನಾಲೆ ಕಡೆಯಿಂದ ಹಾಡು ಹಾಕಿಕೊಂಡು ನುಗ್ಗಿಬಂತು. ಲೇಔಟಿನ ಈ ರಸ್ತೆ ಅವರಿಗೆಲ್ಲ ಒಳದಾರಿಯಂತೆ. ವಿಮಾನವನ್ನು ಪಕ್ಕಕ್ಕೆ ತಿರುಗಿಸಿ ಹೇಗೋ ಉಳಿಸಿಕೊಂಡೆ. ಡ್ರೈವರು ತಿರುಗಿಯೂ ನೋಡಲಿಲ್ಲ. ರಸ್ತೆ ತುಂಬ ಕಬ್ಬಿನ ಸೋಗೆ, ಕಲ್ಲು, ಮಣ್ಣು ಬಿತ್ತು. ಎಲ್ಲವನ್ನೂ ಗುಡಿಸಬೇಕಾಯಿತು, ಯಾಕೆಂದರೆ ಇಂಜಿನ್ ಮುಂದೆ ಬಿದ್ದದ್ದನ್ನೆಲ್ಲ ಒಳಕ್ಕೆ ಎಳೆದುಕೊಳ್ಳುತ್ತದೆ.

ಯಜಮಾನರಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. "ಈ ಟ್ರ್ಯಾಕ್ಟರಿನವರ ಓಟ ನಿಲ್ಲಿಸೋಕೆ ಏನಾದರೂ ಮಾಡಿ. ಏನು ಮಾಡ್ತೀರೋ ನನಗೆ ಗೊತ್ತಿಲ್ಲ. ಇಲ್ಲದಿದ್ದರೆ ನಿಮ್ಮ ಬಾಡೂಟದ ದಿನ ಬರೀ ಬಾಡೇ ಇರುತ್ತೆ" ಎಂದೆ.

"ಆಯ್ತು ಬುಡಿ ಸಾ, ನಾ ನೋಡ್ಕತೀನಿ" ಎಂದರು. ದೊಡ್ಡವರು ಹೀಗೆ ಹೇಳಿದ ಎಷ್ಟು ಕೆಲಸಗಳು ಆದದ್ದನ್ನು ನಾನು ಕಂಡಿದ್ದೇನೆ! ನಂಬದೆ ಫೋನಿಟ್ಟೆ.

ಅವತ್ತು ಹೊರಡುವ ಮುಂಚೆ ಇನ್ನೊಂದು ಕೆಲಸ ಮಾಡಿದೆ. ವಿಮಾನ ನಾಲೆ ಕಡೆಯಿಂದ ಓಡಿ, ಎದ್ದು, ಕಮಾನಿನ ಮೇಲೆ ದಾಟಬೇಕು. ಗಾಳಿ ಬೀಸುವುದು ಕಮಾನಿನ ಕಡೆಯಿಂದ, ಎದುರುಗಾಳಿಗೇ ಏಳಬೇಕು, ಎದುರುಗಾಳಿಗೇ ಇಳಿಯಬೇಕು. ತೂಕ, ಇಂಜಿನ್ನಿನ ಬಲ, ಬ್ರೇಕಿನ ಹಿಡಿತ ಎಲ್ಲ ಲೆಕ್ಕಹಾಕಿ, ರಸ್ತೆಯ ಸುಮಾರು ಮಧ್ಯದಲ್ಲಿ ಒಂದು ಜಾಗ ಗೊತ್ತುಮಾಡಿದೆ. ಅಲ್ಲಿಗೆ ಬರುವಷ್ಟರಲ್ಲಿ ಗಾಲಿ ನೆಲ ಬಿಟ್ಟಿರಬೇಕು. ಬಿಟ್ಟಿಲ್ಲವೆಂದರೆ ಯೋಚನೆ ಮಾಡುತ್ತ ನಿಲ್ಲದೆ ಇಂಜಿನ್ ಆರಿಸಿ ಬ್ರೇಕು ಹಿಡಿಯಬೇಕು. ಅದನ್ನು ದಾಟಿದ ಮೇಲೆ ಮನಸ್ಸು ಬದಲಿಸಿದರೆ ಸಿಮೆಂಟು ಕುದುರೆಗಳಿಗೆ ಮುಖ ಕೊಡುವುದೇ. ದೂರದಿಂದ ಕಾಣಲಿ ಎಂದು ಆ ಜಾಗದಲ್ಲಿ ರಸ್ತೆಗೆ ಅಡ್ಡಲಾಗಿ ದಪ್ಪನೆಯ ಬಿಳಿ ಗೆರೆ ಬಳಿದೆ.

ಕಾವಲುಗಾರ ದೂರದಲ್ಲೇ ನಿಂತು ಕೇಳಿದ, "ಇದ್ಯಾಕ್ ಸಾ ಗೆರೆ?"

"ಬೇಕು ಅದು. ಯಾರೂ ಅಳಿಸಬಾರದು" ಎಂದಷ್ಟೇ ಹೇಳಿ ಕಾರು ಹತ್ತಿದೆ.

ಮಾದರಿ ವಿಮಾನ ಕಟ್ಟುವ ನಮ್ಮಲ್ಲಿ ಒಂದು ರೂಢಿಯಿದೆ. ಕಟ್ಟಿದವನು ಮೊದಲ ಹಾರಾಟ ಹಾರಿಸುವುದಿಲ್ಲ, ಅಷ್ಟು ವರ್ಷದ ಆಸೆ ಬೆರಳಿಗೆ ಇಳಿದು ಕೈ ನಡುಗುತ್ತದೆ ಎನ್ನುತ್ತಾರೆ. ಅದಕ್ಕೇ ಮೈಸೂರಿನಿಂದ ಒಬ್ಬ ನುರಿತ ಪೈಲಟನನ್ನು ಕರೆಸಿದ್ದೆ. ನುರಿತವನು ಎಂದು ಹೇಳಿದವರು ಬೇರೆಯವರು. ಬಂದವನು ಕಪ್ಪು ಕನ್ನಡಕ, ಬೆರಳಿಲ್ಲದ ಗ್ಲೌಸು, ಬೆನ್ನ ತುಂಬ ಕಂಪನಿಗಳ ಹೆಸರಿರುವ ಅಂಗಿ ತೊಟ್ಟುಕೊಂಡಿದ್ದ. ವಿಮಾನದ ಸುತ್ತ ಒಂದು ಸುತ್ತು ಬಂದು, ಅದರ ಜೊತೆ ಸೆಲ್ಫಿ ತೆಗೆದುಕೊಂಡ. ತೂಕದ ಸಮತೋಲ ನೋಡಿದಿರಾ ಎಂದು ಕೇಳಲಿಲ್ಲ. ರೇಡಿಯೊ ಸಂಪರ್ಕ ಕಡಿದರೆ ಇಂಜಿನ್ ತಾನಾಗಿ ಆರುವಂತೆ ಹೊಂದಿಸಿದ್ದೀರಾ ಎಂದೂ ಕೇಳಲಿಲ್ಲ. ನಾನೇ ಎರಡನ್ನೂ ತೋರಿಸಿದೆ. "ಸೂಪರ್ ಸಾರ್" ಎಂದ.

ಬಾಡೂಟದ ಹಿಂದಿನ ದಿನ, ಶನಿವಾರ, ಇವನನ್ನೂ ಭಾಯ್‌ನನ್ನೂ ಕರೆದುಕೊಂಡು ಲೇಔಟಿಗೆ ಹೋದೆ. ಕಮಾನು ದಾಟಿ ರಸ್ತೆಯ ಮಧ್ಯಕ್ಕೆ ಬಂದಿರಬಹುದು, ಕಾರು ದಡಕ್ ಎಂದು ಹಾರಿ ಕುಳಿತಿತು. ಇಳಿದು ನೋಡಿದೆ. ನನ್ನ ಬಿಳಿ ಗೆರೆ ಇದ್ದ ಜಾಗದಲ್ಲಿ ಕರ್ರಗೆ ಮಿರಮಿರ ಮಿಂಚುವ ಹಂಪು ಎದ್ದಿತ್ತು. ಗೇಣೆತ್ತರ, ರಸ್ತೆಯ ಈ ತುದಿಯಿಂದ ಆ ತುದಿಯವರೆಗೆ.

ಯಜಮಾನರು ಶಾಮಿಯಾನದ ಕೆಳಗಿನಿಂದ ಎದ್ದು ನಗುನಗುತ್ತ ಬಂದರು. "ನೋಡಿ ಸಾ! ನೀವ್ ಏಳಿದ್ ಮ್ಯಾಕೆ ಸುಮ್ಕಿರಾಕಾಯ್ತದಾ? ಟ್ರ್ಯಾಕ್ಟ್ರು ಈಗ ಬರ್ಲಿ ನೋಡವಾ. ನೀವ್ ಗೆರೆ ಆಕಿದ್ ಜಾಗ್ದಲ್ಲೇ ಆಕ್ಸಿವ್ನಿ. ಒಂದಿಂಚು ಆಚೀಚೆ ಇಲ್ಲ."

ನಮ್ಮ ಸೀಮೆಯಲ್ಲಿ ರಸ್ತೆಗೆ ಅಡ್ಡ ಬಿಳಿ ಗೆರೆ ಬಿದ್ದರೆ ಅದಕ್ಕಿರುವುದು ಒಂದೇ ಅರ್ಥ, ಇಲ್ಲಿ ಹಂಪು ಬರುತ್ತದೆ. ಶಾಲೆ ಮುಂದೊಂದು, ಗುಡಿ ಮುಂದೊಂದು, ಮೆಂಬರ ಮನೆ ಮುಂದೆ ಎರಡು. ಹಂಪಿಲ್ಲದ ರಸ್ತೆಯನ್ನು ನಮ್ಮವರು ರಸ್ತೆ ಎಂದೇ ಒಪ್ಪುವುದಿಲ್ಲ. ಗಾಡಿಗಳ ಓಟ ನಿಲ್ಲಿಸಿ ಎಂದು ಕೂಗಾಡಿ, ರಸ್ತೆಗೆ ಅಡ್ಡ ಗೆರೆ ಎಳೆದು ಹೋದವನ ಮನಸ್ಸಿನಲ್ಲಿ ಬೇರೆ ಏನಿರಲು ಸಾಧ್ಯ?

"ಯಾರನ್ನು ಕೇಳಿ ಹಾಕಿಸಿದಿರಿ?" ಎಂದು ಕಿರುಚಿದೆ.

"ನೀವೇ ಅಲ್ವಾ ಸಾ ಏಳಿದ್ದು? ಗೆರೆ ಎಳ್ದು ಓದ್ರಿ, ಯಾಕೆ ಅಂತ ಒಬ್ರಿಗಾದ್ರೂ ಏಳಿದ್ರಾ?" ಎಂದರು ಯಜಮಾನರು. ಅವರ ನಗು ಮಾಯವಾಗಿತ್ತು.

ಕಾವಲುಗಾರ ನನ್ನನ್ನೇ ನೋಡುತ್ತಿದ್ದ. ನಾನು ಆ ಕಡೆ ತಿರುಗಲಿಲ್ಲ.

ವಿಮಾನದ ಮೂಗಿನ ಗಾಲಿ ಬೆರಳು ದಪ್ಪದ ಕಡ್ಡಿಯ ಮೇಲೆ ನಿಂತಿರುವಂಥದ್ದು. ಏಳುವ ಓಟದಲ್ಲೋ ಇಳಿದ ಓಟದಲ್ಲೋ ಈ ಹಂಪಿಗೆ ತಾಗಿದರೆ ಗಾಲಿ ಕಿತ್ತು, ಮೂಗು ನೆಲಕ್ಕೆ ಬಿದ್ದು, ಸೀಮೆಎಣ್ಣೆ ತುಂಬಿದ ಒಡಲು ಉರುಳಿಕೊಂಡು ಹೋಗುತ್ತದೆ. ಭಾಯ್ ಕಾರಿನಿಂದ ಹಾರೆ ತಂದ. "ಟಾರು ಇನ್ನೂ ಅಸಿ ಐತೆ ಅಣ್ಣ, ಒಂದ್ ಗಂಟೇಲಿ ಎಬ್ಬಿಸ್ಬುಡವಾ" ಎಂದು ಹಾರೆ ಎತ್ತಿದ.

"ಯಾರ್ಲಾ ಅದು ಆರೆ ಎತ್ತಿರೋನು?"

ರಸ್ತೆಯ ಪಕ್ಕದ ಬೀಳಿನಿಂದ ಒಬ್ಬ ಮುದುಕಿ ಬಂದಳು. ಅವಳ ಹಿಂದೆ ಗಿಡ್ಡ ಕಾಲಿನ, ಗುಂಡು ಮೈಯ ಬಂಡೂರು ಕುರಿಗಳು. ಆಚೆ ಹಳ್ಳಿಯವಳಂತೆ. ಗದ್ದೆ ಇದ್ದಾಗಿನಿಂದ ಅವಳ ಕುರಿಗಳು ಇಲ್ಲೇ ದಾಟಿ ನಾಲೆಗೆ ನೀರಿಗೆ ಹೋಗುತ್ತಿದ್ದವಂತೆ. ಹೋದ ವರ್ಷ ಕಬ್ಬಿನ ಟ್ರ್ಯಾಕ್ಟರು ಅವಳ ಒಂದು ತಾಯಿಕುರಿಯನ್ನೂ ಮರಿಯನ್ನೂ ಇದೇ ಜಾಗದಲ್ಲಿ ಅರೆದು ಹೋಗಿತ್ತಂತೆ. ಹಂಪು ಹಾಕಿಸಿ ಎಂದು ಅವಳು ಯಜಮಾನರ ಬಳಿ, ಪಂಚಾಯ್ತಿಯ ಬಳಿ ಅಲೆದಿದ್ದಳು. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಹಂಪು ಬಂದಿದೆ, ಇವರು ಹಾರೆ ತಂದಿದ್ದಾರೆ.

ಅವಳು ಹಂಪಿನ ಮೇಲೆ ಕುಳಿತುಬಿಟ್ಟಳು. "ಕೀಳಿ ನೋಡಾವಾ. ನನ್ ಕಾಲ್ ಮ್ಯಾಲೆ ಆಕು ಆರೆಯ. ನಿನ್ ಡ್ರೋನಿಗೋಸ್ಕರ ನನ್ ಕುರಿ ಸಾಯ್ಬೇಕಾ?"

"ಅದು ಡ್ರೋನ್ ಅಲ್ಲ" ಎಂದೆ. ಹೇಳಿದ ಮೇಲೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ನಾಲ್ಕು ಕುರಿ ಮೇಯಿಸುವ ಮುದುಕಿಯ ಮುಂದೆ ನನ್ನ ಇಷ್ಟು ವರ್ಷದ ದುಡಿಮೆ ನಿಂತುಹೋಯಿತಲ್ಲ ಎಂಬ ಸಿಟ್ಟು. ಯಜಮಾನರು ಅವಳಿಗೆ ಎದುರು ಮಾತಾಡಲಿಲ್ಲ. ನಾಳೆ ಬರುವವರಲ್ಲಿ ಅರ್ಧ ಜನ ಅವಳ ಊರಿನವರೇ.

ಪೈಲಟನಿಗೆ ಇದೆಲ್ಲ ತಮಾಷೆ. "ಹಂಪ್‌ಗಿಂತ ಮುಂಚೆನೇ ಎಬ್ಬಿಸ್ತೀನಿ ಬಿಡಿ ಸಾರ್. ಇಳಿಸೋದು ಆಮೇಲೆ ನೋಡೋಣ" ಎಂದ. ಆಮೇಲೆ ನೋಡೋಣ! ಕಟ್ಟಿ ಗೊತ್ತಿಲ್ಲದವನ ಬಾಯಲ್ಲಿ ಮಾತ್ರ ಬರುವ ಮಾತು ಅದು.

ಭಾನುವಾರ ಬೆಳಿಗ್ಗೆ ಲೇಔಟು ತುಂಬಿಹೋಗಿತ್ತು. ರಸ್ತೆಯ ಎರಡೂ ಬದಿಗೆ ಕುರ್ಚಿ ಹಾಕಿಸಿದ್ದರು, ರಸ್ತೆಗೆ ಕಾಲು ಚಾಚಿಕೊಂಡು ಜನ ಕುಳಿತಿದ್ದರು. ಕುರ್ಚಿ ಹಿಂದಕ್ಕೆ ಸರಿಸಿ ಎಂದರೆ ಯಾರೂ ಕೇಳುವವರಿಲ್ಲ. ಎಲ್ಲರ ಗಮನ ಒಲೆಯ ಕಡೆ. ಸೈಟು ನೋಡಲು ಬಂದವರು ಸೈಟಿನ ಕಡೆಯೂ ನೋಡುತ್ತಿರಲಿಲ್ಲ, ಮೊದಲ ಪಂಕ್ತಿಗೆ ಎಲೆ ಹಾಕುವುದು ಯಾವಾಗ ಎಂದು ನೋಡುತ್ತಿದ್ದರು. ನಾನು ಅತ್ತ ತಿರುಗಿದ್ದಾಗ ಯಾರೋ ವಿಮಾನದ ಬಾಲಕ್ಕೆ ಲೇಔಟಿನ ಹೆಸರಿನ ರೇಡಿಯಂ ಸ್ಟಿಕ್ಕರು ಅಂಟಿಸಿದ್ದರು. ಬಾಲದ ತುದಿಯಲ್ಲಿ ಒಂದಿಷ್ಟು ತೂಕ ಹೆಚ್ಚಿದರೂ ಮೂಗು ಎತ್ತಿಕೊಂಡು ಬೀಳುತ್ತದೆ ಎಂದು ಇವರಿಗೆ ಯಾರು ಹೇಳಬೇಕು! ಉಗುರಿನಿಂದ ಕೆರೆದು ಕಿತ್ತೆ.

ಪೈಲಟ್ ರೇಡಿಯೊ ಪೆಟ್ಟಿಗೆಯನ್ನು ಕೊರಳಿಗೆ ಹಾಕಿಕೊಂಡು ಸಿದ್ಧನಾಗಿ ನಿಂತಿದ್ದ. ಯಜಮಾನರು ಮೈಕಿನಲ್ಲಿ ನನ್ನ ಹೆಸರನ್ನು ತಪ್ಪಾಗಿ ಕೂಗಿದರು. ನಾನು ರಸ್ತೆಯ ಮೇಲೆ ಮಂಡಿಯೂರಿ ವಿಮಾನದ ಕೆಳಗೆ ಕೈಹಾಕಿದೆ. ಆಗ ಕಂಡದ್ದು ಆ ಹಂಪು, ಅದರ ಪಕ್ಕದ ಕುರ್ಚಿಯಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ಹೆಂಗಸು. ವಿಮಾನ ಹಂಪಿಗೆ ತಾಗಿ ಉರುಳಿದರೆ ಅಲ್ಲಿಗೇ ಹೋಗುತ್ತದೆ. ಇಷ್ಟು ಹೊತ್ತು ನಾನು ಯೋಚಿಸಿದ್ದು ವಿಮಾನದ ಬಗ್ಗೆ ಮಾತ್ರ.

ಸ್ಪ್ಯಾನರ್ ತೆಗೆದುಕೊಂಡು ರೆಕ್ಕೆಗಳ ಬೋಲ್ಟು ಬಿಚ್ಚಿದೆ. ಒಂದೊಂದೇ ರೆಕ್ಕೆಯನ್ನು ಎಳೆದು ಭಾಯ್ ಕೈಗೆ ಕೊಟ್ಟೆ. ಅವನು ಏನೂ ಕೇಳದೆ ಕಾರಿನಲ್ಲಿಟ್ಟು ಬಾಗಿಲು ಹಾಕಿದ.

"ಏನ್ ಸಾರ್ ಇದು, ನನ್ ಟೈಮ್ ವೇಸ್ಟು" ಎಂದು ಪೈಲಟ್ ರೇಡಿಯೊ ಪೆಟ್ಟಿಗೆಯನ್ನು ನನ್ನ ಕಡೆ ನೂಕಿ ತನ್ನ ಕಾರು ಹತ್ತಿದ. ಎಲೆ ಹಾಕುವವರೆಗೂ ಕಾರು ಮಾತ್ರ ಹೊರಡಲಿಲ್ಲ.

ಯಜಮಾನರು ಓಡಿಬಂದು ಕೈ ಹಿಡಿದರು. "ಸಾ, ಮರ್ವಾದೆ ತೆಗೀಬ್ಯಾಡಿ. ಜನಕ್ಕೆ ಏನಾರ ತೋರ್ಸಿ."

ತೋರಿಸಿದೆ. ರೆಕ್ಕೆಯಿಲ್ಲದ ಒಡಲನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಕಂಬಕ್ಕೆ ಹಗ್ಗ ಕಟ್ಟಿ, ಬಾಲದ ಹಿಂದೆ ಯಾರೂ ನಿಲ್ಲದಂತೆ ಭಾಯ್‌ನನ್ನು ಕಾವಲು ನಿಲ್ಲಿಸಿ ಇಂಜಿನ್ ಹತ್ತಿಸಿದೆ. ಪೂರ್ತಿ ಬಲ ಕೊಟ್ಟೆ. ಶಾಮಿಯಾನ ನಡುಗಿತು. ದೂರದಲ್ಲಿ ನಿಲ್ಲಿಸಿದ್ದ ಯಜಮಾನರ ಕೈಮುಗಿದ ಫ್ಲೆಕ್ಸು ಬಿಸಿಗಾಳಿಗೆ ಚೌಕಟ್ಟಿನಿಂದ ಕಿತ್ತುಕೊಂಡು ಗದ್ದೆಗೆ ಹಾರಿತು. ಆ ದಿನ ಅಲ್ಲಿ ಹಾರಿದ್ದು ಅದೊಂದೇ. ಜನ ಎದ್ದುನಿಂತು ಶಿಳ್ಳೆ ಹೊಡೆದರು, ಚಪ್ಪಾಳೆ ತಟ್ಟಿದರು, ಫೋನು ಎತ್ತಿ ಹಿಡಿದರು. "ಸೂಪರ್ ಡ್ರೋನು ಕಣ್ಲಾ!" ಎಂದು ಒಬ್ಬ ಇನ್ನೊಬ್ಬನ ಬೆನ್ನು ತಟ್ಟಿದ. ಇಂಜಿನ್ ಆರಿಸಿದ ಕೂಡಲೇ ಎಲ್ಲರೂ ಊಟಕ್ಕೆ ಓಡಿದರು. ಯಜಮಾನರ ಕಣ್ಣಲ್ಲಿ ನೀರಿತ್ತು. "ಮಾತು ಉಳಿಸ್ಕಂಡ್ರಿ ಸಾ" ಎಂದರು. ಹಾರಿಸಿ ತೋರಿಸುವುದು ಎಂಬ ಮಾತು ಅವರಿಗೇ ಮರೆತುಹೋಗಿತ್ತು.

ಅಷ್ಟು ಜನರಲ್ಲಿ ಒಬ್ಬರಿಗೂ ಅದಕ್ಕೆ ರೆಕ್ಕೆ ಇಲ್ಲ ಎಂದು ಕಾಣಲಿಲ್ಲ. ಇವರಿಗಾಗಿ ನಾನು ಅಷ್ಟು ಹೆದರಿದೆನಲ್ಲ ಎಂದು ನನ್ನ ಮೇಲೇ ಹೇಸಿಗೆಯಾಯಿತು. ಸಾಮಾನು ಕಟ್ಟತೊಡಗಿದೆ. ಇಂಜಿನ್ ತಣ್ಣಗಾಗುವವರೆಗೂ ಅದರ ಮೋಟಾರು ಬಿಟ್ಟು ಬಿಟ್ಟು ತಿರುಗುತ್ತಿತ್ತು. ಕುರಿಗಳ ಮುದುಕಿ ಹತ್ತಿರ ಬಂದು ಬಗ್ಗಿ ನೋಡಿದಳು.

"ಅಲ್ಲ ಕಣಪ್ಪ, ರೆಕ್ಕೆ ಇಲ್ದೆ ಎಂಗ್ ಆರ್ತದೆ ಇದು?"

ನಾನು ಕೈಯಲ್ಲಿದ್ದದ್ದನ್ನು ಕೆಳಗಿಟ್ಟೆ. "ಹಾರಲಿಲ್ಲ ಅವ್ವಾ" ಎಂದೆ.

"ಅದೇ ಮತ್ತೆ. ಈ ಮುಂಡೇವು ಯಾಕ್ ಚಪ್ಪಾಳೆ ಒಡುದ್ವು?"

ಎಷ್ಟೋ ಕಾಲದ ಮೇಲೆ ನನಗೆ ಹೊಟ್ಟೆ ತುಂಬ ನಗು ಬಂತು. ಅವಳನ್ನು ಹಂಪಿನ ಹತ್ತಿರ ಕರೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದೆ. ಎಲ್ಲಿಂದ ಓಡುತ್ತದೆ, ಎಲ್ಲಿ ಏಳಬೇಕು, ಏಳದಿದ್ದರೆ ಏನು, ಗೆರೆ ಯಾಕೆ ಎಳೆದೆ, ಎಲ್ಲ. ಅವಳು ಗಲ್ಲಕ್ಕೆ ಕೈಕೊಟ್ಟು ಕೇಳಿದಳು.

"ಇಷ್ಟು ಏಳಕ್ಕೆ ಬಾಯಿ ಸವೀತಿತ್ತಾ ನಿಂಗೆ?" ಎಂದಳು. ಆಮೇಲೆ ಕುರಿಯೊಂದರ ಬೆನ್ನು ತಟ್ಟುತ್ತ, "ಕಬ್ಬು ಮುಗೀಲಿ. ಟ್ರ್ಯಾಕ್ಟ್ರು ನಿಂತ್ ಮ್ಯಾಕೆ ಅಂಪು ಯಾತಕ್ ಬೇಕು ನಂಗೆ? ನಾವೇ ಕಿತ್ಕೊಡ್ತೀವಿ. ಆದ್ರೆ ನಿನ್ ಕೆಲ್ಸ ಆದೇಟ್ಗೆ ಮತ್ತೆ ಆಕ್ಕೊಟ್ಬುಡ್ಬೇಕು" ಎಂದಳು.

ಕಬ್ಬು ನುರಿಸುವುದು ನಿಲ್ಲುವವರೆಗೆ ಕಾದೆ. ಈ ಜಿಲ್ಲೆಯಲ್ಲಿ ಮದುವೆ, ಸಾಲ, ಜಗಳ ಎಲ್ಲ ಕಬ್ಬಿಗೆ ಕಾಯುತ್ತವೆ, ನನ್ನ ಜೆಟ್ಟೂ ಕಾಯಲಿ ಎಂದುಕೊಂಡೆ. ಆ ನಡುವೆ, ಹಾರುವಾಗ ಗಾಲಿಗಳನ್ನು ಒಳಕ್ಕೆ ಮಡಚುವ ಗಾಳಿ ಕೊಳವೆಯ ಸೋರಿಕೆ ಸರಿಮಾಡಿದೆ, ಸಮತೋಲವನ್ನು ಮತ್ತೆ ಮತ್ತೆ ನೋಡಿದೆ. ಬೇರೆ ಪೈಲಟನನ್ನು ಹುಡುಕಲಿಲ್ಲ. ನಡುಗುವುದಾದರೆ ನನ್ನ ಕೈಯೇ ನಡುಗಲಿ.

ಭಾನುವಾರವಲ್ಲದ ಒಂದು ದಿನ ಬೆಳಿಗ್ಗೆ ಅವಳ ಮನೆಯ ಗಂಡಸರಿಬ್ಬರು ಮತ್ತು ಭಾಯ್ ಸೇರಿ ಹಂಪು ಕಿತ್ತು, ಕಲ್ಲು ಆಯ್ದು, ನೆಲ ಸಮಮಾಡಿದರು. ಕಾವಲುಗಾರ ಕೇಳದೆಯೇ ಪೊರಕೆ ತಂದು ರಸ್ತೆಯುದ್ದಕ್ಕೂ ಗುಡಿಸಿದ. ಯಾಕೆ ಗುಡಿಸಬೇಕು ಎಂದು ಅವನಿಗೆ ಹೇಳಿದೆ. ಅವನು ಇನ್ನೊಮ್ಮೆ ಗುಡಿಸಿದ. ಹಂಪಿದ್ದ ಜಾಗದಲ್ಲಿ ಈಗ ಗೆರೆ ಇರಲಿಲ್ಲ. ಭಾಯ್ ರಸ್ತೆಯಾಚೆ, ಅದೇ ನೇರಕ್ಕೆ, ಗೆರೆಯ ಬದಲಿಗೆ ಕೈ ಎತ್ತಿ ನಿಂತ.

ಇಂಜಿನ್ ಹತ್ತಿಸಿದೆ. ರೇಡಿಯೊ ಎಷ್ಟು ದೂರ ಮುಟ್ಟುತ್ತದೆ ಎಂಬ ಪರೀಕ್ಷೆ ಮುಗಿಸಿದೆ. ಬಲ ಕೊಟ್ಟು ಬ್ರೇಕು ಬಿಟ್ಟೆ. ಓಡಿತು. ಭಾಯ್‌ನ ಕೈಯನ್ನೇ ನೋಡುತ್ತ ರೇಡಿಯೊ ಪೆಟ್ಟಿಗೆಯ ಕಡ್ಡಿಯನ್ನು ಹಿಂದಕ್ಕೆ ಎಳೆದೆ. ಕೈ ನಡುಗಿತು, ಸುಳ್ಳು ಹೇಳುವುದಿಲ್ಲ. ಅವನನ್ನು ಮುಟ್ಟುವ ಮೊದಲೇ ಗಾಲಿ ನೆಲ ಬಿಟ್ಟಿತು. ಸಿಮೆಂಟು ಕುದುರೆಗಳ ಮೇಲೆ ಹಾದು ಎಡಕ್ಕೆ ವಾಲಿತು. ಬಲಕ್ಕೆ ಸ್ವಲ್ಪ ತಿದ್ದಿದೆ, ನೇರವಾಯಿತು. ಮೇಲೆ ಒಂದಷ್ಟು ಸುತ್ತು ಹಾಕಿಸಿ, ನಾಲೆಯ ಕಡೆಯಿಂದ ತಂದು ಇಳಿಸಿದೆ. ಒಮ್ಮೆ ಪುಟಿಯಿತು, ಮತ್ತೆ ಕುಳಿತಿತು, ಹಂಪಿದ್ದ ಜಾಗದ ಮೇಲೆ ಉರುಳಿಕೊಂಡು ಬಂದು ನಿಂತಿತು. ಇಂಜಿನ್ ಆರಿಸಿದಾಗ ನನ್ನ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಅತ್ತುಬಿಟ್ಟೆ. ಭಾಯ್ ನನ್ನ ಹೆಗಲ ಮೇಲೆ ಕೈಯಿಟ್ಟು ನಿಂತ.

ಮುದುಕಿ ಕುರಿಗಳನ್ನು ಹೊಡೆದುಕೊಂಡು ಬಂದಳು. "ಇಷ್ಟೇಯಾ?" ಎಂದಳು.

"ಇಷ್ಟೇ ಅವ್ವಾ."

"ಕಾಗೆ ಗಾತ್ರ ಕಾಣ್ತದೆ, ಅದೂ ಸರ್ಯಾಗ್ ಕಾಣಾಕಿಲ್ಲ. ಅವತ್ತು ರೆಕ್ಕೆ ಬಿಚ್ಚಿ ಕೂಗಿಸ್ದೆ ನೋಡು, ಅದೇ ವಾಸಿ ಇತ್ತು ಕಣಪ್ಪ."

ಭಾಯ್ ನೆಲದ ಮೇಲೆ ಕುಳಿತು ನಗತೊಡಗಿದ. ಇಷ್ಟು ವರ್ಷ ನಾನು ಊರಿನವರಿಗೆಲ್ಲ ಹಂಚಿದ್ದ ತಾತ್ಸಾರವನ್ನು ಅವಳು ಒಂದೇ ಮಾತಿನಲ್ಲಿ ನನಗೆ ತಿರುಗಿಸಿ ಕೊಟ್ಟಿದ್ದಳು.

"ಆಯ್ತಲ್ಲ ನಿನ್ ಕೆಲ್ಸ, ಅಂಪು ಎಲ್ಲಿಗ್ ಬರ್ಬೇಕು ಅಂತ ಗುರ್ತು ಆಕ್ಕೊಡು. ಆಮ್ಯಾಕೆ ನಿನ್ನ ಎಲ್ಲಿ ಅಂತ ಉಡುಕ್ಲಿ?" ಎಂದಳು. ಕಾರಿನಲ್ಲಿದ್ದ ಬಿಳಿ ಬಣ್ಣದ ಡಬ್ಬಿ ತಂದೆ. ಕಿತ್ತ ಟಾರಿನ ಕಲೆಯ ಮೇಲೆ ಮಂಡಿಯೂರಿ, ರಸ್ತೆಗೆ ಅಡ್ಡಲಾಗಿ, ಮೊದಲಿದ್ದ ಜಾಗದಲ್ಲೇ ಗೆರೆ ಬಳಿಯತೊಡಗಿದೆ. ಅವಳ ಮನೆಯ ಗಂಡಸರಲ್ಲೊಬ್ಬ ಕೇಳಿದ, "ಇದ್ಯಾಕವ್ವಾ ಈವಯ್ಯ ಗೆರೆ ಎಳೀತಾವ್ನೆ?"

"ಅಂಪಿಗೆ ಕಣ್ಲಾ" ಎಂದಳು ಮುದುಕಿ. "ರೋಡ್ ಮ್ಯಾಲೆ ಗೆರೆ ಎಳ್ಯೋದು ಇನ್ಯಾತಕ್ಕೆ, ಡ್ರೋನ್ ಆರ್ಸಕಾ?"

ನಾನು ತಲೆಯೆತ್ತದೆ ಗೆರೆ ಮುಗಿಸಿದೆ.